ಎರಡು ಸೀಟಿ

ಸೀಟಿ ಒಮ್ಮೆ ಊದಿದರೆ ಬಾ ಎಂದು, ಎರಡು ಸಲ ಊದಿದರೆ ಹೋಗು ಎಂದು. ಅಣ್ಣ ಹನ್ನೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಬಾಯಿಗಿಂತ ಸೀಟಿಯೇ ಅವನಿಗೆ ಹೆಚ್ಚು ರೂಢಿ. ತಂಗಿ ದಿನಾ ಬೆಳಿಗ್ಗೆ ಆ ಉಕ್ಕಿನ ಸೀಟಿಯನ್ನು ಅವನ ಲೋಟ, ಚಮಚಗಳ ಜೊತೆ ಕುದಿಸಿ, ಒಣಗಿಸಿ, ದಿಂಬಿನ ಪಕ್ಕ ಇಡುತ್ತಿದ್ದಳು.

ಅವನ ಮೈಯಲ್ಲಿ ರಕ್ತ ಹುಟ್ಟುವುದೇ ಕೆಟ್ಟುಹೋಗಿತ್ತು. ಆಸ್ಪತ್ರೆಯವರು ಔಷಧಿಯಿಂದ ಹಳೆಯದನ್ನೆಲ್ಲ ಸುಟ್ಟು, ತಂಗಿಯಿಂದ ತೆಗೆದ, ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಏರಿಸಿದ್ದರು. ಅದಾಗಿ ಇಂದಿಗೆ ನಲವತ್ತಾರು ದಿನ. ಮನೆಗೆ ಬಂದು ಹದಿನೆಂಟು. ಹೊಸ ರಕ್ತಕ್ಕೆ ಸೋಂಕು ತಡೆಯುವ ಬಲ ಇನ್ನೂ ಬಂದಿರಲಿಲ್ಲ.

"ಈಗ ನನ್ನೊಳಗೆ ಓಡ್ತಿರೋದು ನಿನ್ನ ರಕ್ತ ಕಣೇ ಗುಂಡುಸೂಜಿ. ಅದಕ್ಕೇ ನರ್ಸ್ ಬಂದ್ರೆ ನಾನೂ ನಾಚ್ಕೊಂಡು ಗೋಡೆ ನೋಡ್ತೀನಿ" ಎಂದು ಅಣ್ಣ ಕೆಣಕುತ್ತಿದ್ದ.

ಅವಳು ಸಣಕಲಿ, ದರ್ಜಿಯ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವವಳು; ಅದಕ್ಕೇ ಗುಂಡುಸೂಜಿ. ಅಂಗಡಿಗೆ ಹೋಗದೆ ಎರಡು ತಿಂಗಳಾಗಿತ್ತು. ಫೋನ್ ಮಾಡಿದವರೆಲ್ಲ "ಅಣ್ಣ ಹೇಗಿದ್ದಾನೆ?" ಎಂದು ಕೇಳಿ, ಉತ್ತರ ಕೇಳಿ, ಇಟ್ಟುಬಿಡುತ್ತಿದ್ದರು.

ಅಡುಗೆಮನೆಯ ಗೋಡೆಗೆ ಆಸ್ಪತ್ರೆಯವರು ಕೊಟ್ಟ ಹಾಳೆ ಅಂಟಿಸಿತ್ತು. ರೋಗಿಯ ಜ್ವರ ನೂರು ಪಾಯಿಂಟ್ ನಾಲ್ಕು ಮುಟ್ಟಿದರೆ ತಕ್ಷಣ ಕರೆತರಬೇಕು. ನೋಡಿಕೊಳ್ಳುವವರಿಗೆ ಜ್ವರ ಬಂದರೆ ಕೋಣೆಗೆ ಕಾಲಿಡಬಾರದು, ಬೇರೆಯವರನ್ನು ಕರೆಸಬೇಕು. ಬೇರೆಯವರೆಂದರೆ ನಾಲ್ಕು ಸ್ಟಾಪಿನಾಚೆಯ ಚಿಕ್ಕಮ್ಮ ಒಬ್ಬಳೇ. ಮೊದಲ ವಾರವೇ ಅವಳು "ನಾನು ಬರ್ಲೇನೇ?" ಎಂದು ಕೇಳಿದ್ದಳು. ಇವಳು "ಬೇಡ ಚಿಕ್ಕಮ್ಮ, ನಡೀತಿದೆ" ಎಂದುಬಿಟ್ಟಿದ್ದಳು. ಒಮ್ಮೆ ಬೇಡವೆಂದ ಮೇಲೆ ಬಾ ಎನ್ನಲು ನಾಲಿಗೆಯೇ ಏಳಲಿಲ್ಲ.

ಆ ಮಧ್ಯಾಹ್ನ ಲೋಟ ತೊಳೆಯುತ್ತಿದ್ದಾಗ ಅವಳಿಗೆ ಬೆನ್ನಲ್ಲಿ ಚಳಿ ಹರಿದಂತಾಯಿತು. ಅಣ್ಣನ ಥರ್ಮಾಮೀಟರನ್ನೇ ಕಂಕುಳಲ್ಲಿ ಇಟ್ಟುಕೊಂಡಳು. ನೂರಾ ಒಂದು. ಸ್ಪಿರಿಟ್ಟಿನಲ್ಲಿ ಮೂರು ಸಲ ಒರೆಸಿದಳು. ಒಂದು ಮಾತ್ರೆ ನುಂಗಿ ಮಾಸ್ಕ್ ಬಿಗಿದುಕೊಂಡರೆ ಯಾರಿಗೆ ತಿಳಿದೀತು ಎನಿಸಿತು. ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತಳು. ನುಂಗಲೂ ಇಲ್ಲ, ಫೋನ್ ಎತ್ತಿಕೊಳ್ಳಲೂ ಇಲ್ಲ. ಗಂಜಿ, ಥರ್ಮಾಮೀಟರು ಎರಡನ್ನೂ ತಟ್ಟೆಯಲ್ಲಿಟ್ಟು ಅವನ ಕೋಣೆಯ ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಇರಿಸಿ ದೂರ ಸರಿದಳು.

"ಒಳಗ್ ಬಾರೇ. ಇದೇನು ಹೋಟ್ಲಾ?"

"ನೆಲ ಒರೆಸಿದ್ದೀನಿ, ಒದ್ದೆ ಇದೆ. ನೀನೇ ತಗೋ."

ಅಣ್ಣ ಗೊಣಗುತ್ತ ತಟ್ಟೆ ಒಯ್ದ. ಗುಂಡಿ ಒತ್ತಿದ ಕೂಡಲೇ ಹಿಂದಿನ ಲೆಕ್ಕವನ್ನು ಒಮ್ಮೆ ತೋರಿಸಿ, ಆಮೇಲೆ ಹೊಸದಕ್ಕೆ ತೊಡಗುವುದು ಆ ಥರ್ಮಾಮೀಟರಿನ ಚಾಳಿ. ಇಷ್ಟು ದಿನ ಹಿಂದಿನದೂ ಅಣ್ಣನದೇ ಆಗಿರುತ್ತಿದ್ದುದರಿಂದ ಅವಳಿಗೆ ಅದರ ಯೋಚನೆಯೇ ಬಂದಿರಲಿಲ್ಲ.

ಸೀಟಿ ಕೇಳಿಸಿತು. ಒಂದೇ ಒಂದು, ಉದ್ದಕ್ಕೆ.

"ನೂರಾ ಒಂದು ಕಣೇ! ಕಂಕುಳಲ್ಲಿ ಇಡೋಕ್ ಮುಂಚೇನೇ ನೂರಾ ಒಂದು ತೋರಿಸ್ತು! ಮತ್ತೆ ಆಸ್ಪತ್ರೆಯ ಆ ಗಾಜಿನ ಕೋಣೆಗೆ ಹೋಗೋಕೆ ನನ್ ಕೈಲಿ ಆಗಲ್ಲ. ಬಾ ಇಲ್ಲಿ, ಬಂದು ನೋಡು."

ಅಣ್ಣನ ದನಿ ಹಾಗೆ ನಡುಗಿದ್ದನ್ನು ಅವಳು ಕೇಳಿರಲಿಲ್ಲ. ಕಾಲು ತಾನಾಗಿಯೇ ಹೊಸ್ತಿಲವರೆಗೆ ಹೋಯಿತು. ಅಲ್ಲೇ ನಿಂತಳು.

"ಅದು ನಿಂದಲ್ಲ."

"ಮತ್ತಿನ್ಯಾರ್ದು?"

"ನಂದು."

ಸ್ವಲ್ಪ ಹೊತ್ತಿಗೆ ಅವನ ಸರದಿ ಮುಗಿದ ಥರ್ಮಾಮೀಟರಿನ ಕೀಂಕೀಂ ಕೇಳಿಸಿತು. "ತೊಂಬತ್ತೆಂಟು" ಎಂದ ಅಣ್ಣ. "ನಿಂದು ಅಂತ ಒಂದ್ ಮಾತು ಹೇಳ್ಬಾರ್ದಿತ್ತೇನೇ?"

"ಹೇಳಿದ್ರೆ ನಾನು ಹೋಗ್ಬೇಕಾಗುತ್ತಲ್ಲ."

ಅಣ್ಣ ಸೀಟಿ ಊದಿದ. ಎರಡು ಸಲ.

ಆಸ್ಪತ್ರೆಗೆ ಫೋನ್ ಮಾಡಿದಾಗ ನರ್ಸ್, "ನೀವು ಈಗ್ಲೇ ಮನೆ ಬಿಡಿ. ಬಂದೋರು ಅವರ ಜ್ವರ ಎರಡ್ ಗಂಟೆಗೊಮ್ಮೆ ನೋಡ್ತಿರ್ಲಿ" ಎಂದಳು. ಆಮೇಲೆ ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಅವಳು "ಅಂತೂ ಬಾಯಿ ಬಿಟ್ಟೆಯಲ್ಲೇ ಮಹಾರಾಯ್ತಿ!" ಎಂದು ಬೈದು, ಅರ್ಧ ಗಂಟೆಯಲ್ಲಿ ಬಂದಳು. ತನ್ನ ಮನೆಯ ಬೀಗದ ಕೈಯನ್ನು ಮೆಟ್ಟಿಲ ಮೇಲಿಟ್ಟು, ಸೋಪಿನಲ್ಲಿ ಮೊಣಕೈವರೆಗೆ ತೊಳೆದುಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಚಿಕ್ಕಮ್ಮನ ಮನೆಯಲ್ಲಿ ಯಾರೂ ಇರಲಿಲ್ಲ. ಗುಂಡುಸೂಜಿ ಅಭ್ಯಾಸಬಲದಿಂದ ಕೈ ತೊಳೆದಳು, ಲೋಟವೊಂದನ್ನು ಕುದಿಯಲಿಟ್ಟಳು, ಇಲ್ಲಿ ಯಾರಿಗಾಗಿ ಎಂದು ಹೊಳೆದು ಒಲೆ ಆರಿಸಿದಳು. ಚಾಪೆಯ ಮೇಲೆ ಒರಗಿ, ಒಂದು ಸೀಟಿಗಾಗಿ ಕಿವಿಗೊಟ್ಟಳು. ಸಂಜೆಗೆ ಫೋನ್ ಬಂತು.

"ಅಣ್ಣ, ಹೇಗಿದ್ದೀಯ?" ಎಂದಳು.

"ನಂದು ಹಾಗಿರ್ಲಿ. ನಿಂದೆಷ್ಟು ಈಗ?"

ಥರ್ಮಾಮೀಟರು ಅವನ ಬಳಿಯೇ ಉಳಿದಿತ್ತು. ಅವಳು ಅಂಗೈಯನ್ನು ಹಣೆಗೆ ಒತ್ತಿ ನೋಡಿಕೊಂಡಳು. ಕೈಯೂ ಬಿಸಿ, ಹಣೆಯೂ ಬಿಸಿ; ಏನೂ ಗೊತ್ತಾಗಲಿಲ್ಲ.

"ಇರು" ಎಂದಳು. "ನೋಡ್ತಿದ್ದೀನಿ."