ಅನಸೂಯಮ್ಮನ ಕಣ್ಣಿನ ಪಟ್ಟಿ

ಅತ್ತಾವರದ ಕಣ್ಣಿನ ಆಸ್ಪತ್ರೆಯ ಎದುರು ಕಾರು ನಿಂತು ಇಪ್ಪತ್ತು ನಿಮಿಷ ಕಳೆದರೂ ಕಿನ್ನಿ ಇಳಿಯಲಿಲ್ಲ. ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು, ಬಾಗಿಲಿನ ಹಿಡಿಯನ್ನು ಒಳಗಿನಿಂದ ಬಿಗಿಯಾಗಿ ಹಿಡಿದು ಕೂತಿದ್ದಳು. ನಲವತ್ತು ವರ್ಷ ಮೀನಿನ ಬುಟ್ಟಿ ಎತ್ತಿ ಇಳಿಸಿದ ಕೈ ಅದು. ಬಿಡಿಸುವುದು ಸುಲಭವಲ್ಲ.

"ಅಮ್ಮ, ಇಳಿ," ಎಂದಳು ಮಗಳು ವಾರಿಜಾಕ್ಷಿ. ಇದು ಐದನೇ ಸಲ.

"ಇಳಿಯುವುದಿಲ್ಲ."

"ಎಂಟೂವರೆಗೆ ಹೆಸರು ಬರೆಸಿದ್ದು. ಈಗ ಒಂಬತ್ತು ಆಯ್ತು."

"ಬರೆಸಿದವಳು ನೀನು. ನೀನೇ ಹೋಗಿ ಮಲಗು."

ಸ್ಟೇರಿಂಗ್ ಮೇಲೆ ಗಲ್ಲ ಊರಿ ಕೂತಿದ್ದ ತಮ್ಮ ಲೀಲಾಧರ ಕನ್ನಡಿಯಲ್ಲಿ ಅಕ್ಕನನ್ನು ನೋಡಿದ. "ನಿನ್ನೆ ನೀನು ಟಿವಿಯಲ್ಲಿ ಕುರುಡಿ ಆಗದಿದ್ರೆ ಈ ರಗಳೆ ಇರ್ಲಿಲ್ಲ ಅಕ್ಕ. ಬೈಕಂಪಾಡಿಯಿಂದ ಇಲ್ಲಿವರೆಗೆ ಬರುವಾಗ ಅಮ್ಮನದ್ದು ಒಂದೇ ಮಾತು ಮಾರಾಯ್ತಿ, ಆ ಡಾಕ್ಟ್ರು ಕೈ ನಡುಗಿಸಿದ, ಕೈ ನಡುಗಿಸಿದ ಅಂತ."

ವಾರಿಜಾಕ್ಷಿಗೆ ಎಲ್ಲಿ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಯಾಕೆಂದರೆ ತಪ್ಪಿನ ಮೂಲ ಅವಳೇ.

ಅವಳು ಮಂಗಳೂರಿನ ತುಳು ನಾಟಕಗಳಲ್ಲಿ ಎಂಟು ವರ್ಷ ಕುಣಿದು, ಆಮೇಲೆ ಬೆಂಗಳೂರಿಗೆ ಹೋಗಿ, ಧಾರಾವಾಹಿಗಳಲ್ಲಿ ಮೊದಲು ನಾಯಕಿಯ ಗೆಳತಿ, ಆಮೇಲೆ ನಾಯಕಿಯ ಅತ್ತಿಗೆ ಆಗಿ, ಮೂವತ್ತನಾಲ್ಕನೇ ವಯಸ್ಸಿಗೇ ತನಗಿಂತ ಎರಡು ವರ್ಷ ಚಿಕ್ಕವನಾದ ನಾಯಕನಿಗೆ ತಾಯಿಯಾದವಳು. ಕೂದಲಿಗೆ ಬಿಳಿ ಬಳಿದುಕೊಳ್ಳಲು ಒಪ್ಪಿದ್ದರಿಂದಲೇ ಅನ್ನ ಹುಟ್ಟಿತು ಎಂದು ಅವಳಿಗೆ ಗೊತ್ತಿತ್ತು. ಈಗ ನಲವತ್ಮೂರು. ಮೂರು ವರ್ಷದಿಂದ ಅವಳು ದಿನಾ ಸಂಜೆ ಏಳೂವರೆಗೆ ಅನಸೂಯಮ್ಮ. ಮನೆಯವರೆಲ್ಲರ ಕಣ್ಣೀರು ಒರೆಸುವ ಅತ್ತೆ.

ವಾರಕ್ಕೆ ಆರು ಕಂತು ಹೋಗುವ ಧಾರಾವಾಹಿಯಲ್ಲಿ ರಜೆ ಎಂಬುದಿಲ್ಲ. ಇವತ್ತು ಚಿತ್ರೀಕರಿಸಿದ್ದು ಮೂರೋ ನಾಲ್ಕೋ ದಿನದಲ್ಲಿ ಪರದೆಗೆ ಬರುತ್ತದೆ. ಯಾರಾದರೂ ರಜೆ ಕೇಳಿದರೆ ಕಥೆಯಲ್ಲಿ ಅವರನ್ನು ಕಾಶಿಗೆ ಕಳಿಸುತ್ತಾರೆ, ಇಲ್ಲವೇ ಮೆಟ್ಟಿಲಿನಿಂದ ಬೀಳಿಸುತ್ತಾರೆ. "ಅಮ್ಮನ ಕಣ್ಣಿನ ಪೊರೆ ತೆಗೆಸಬೇಕು, ನಾಲ್ಕು ದಿನ ಬಿಡಿ," ಎಂದು ಅವಳು ನಿರ್ದೇಶಕ ಚಿತ್ತರಂಜನನ ಹತ್ತಿರ ಕೇಳಿದಾಗ ಅವನ ಮುಖ ಅರಳಿತ್ತು. "ಕಣ್ಣಿನ ಆಪರೇಷನ್! ಸೂಪರ್ ಮೇಡಂ. ಅನಸೂಯಮ್ಮಂಗೇ ಮಾಡಿಸೋಣ. ಕಣ್ಣಿಗೆ ಪಟ್ಟಿ ಕಟ್ಟಿದ್ರೆ ನಿಮ್ಮ ಬದಲು ಯಾರನ್ನ ಮಲಗಿಸಿದ್ರೂ ನಡೆಯತ್ತೆ."

ರಜೆ ಸಿಕ್ಕಿದ ಖುಷಿಯಲ್ಲಿ ಅವಳು ಮುಂದಿನದನ್ನು ಯೋಚಿಸಲಿಲ್ಲ. ಕಥೆಯಲ್ಲಿ ಡಾಕ್ಟರರ ಕೈ ನಡುಗಿ ಅನಸೂಯಮ್ಮ ಕುರುಡಿಯಾದಳು. ಊರಿಗೆ ಹೊರಡುವ ಮೊದಲು ವಾರಿಜಾಕ್ಷಿ ಕಾಣದ ಕಣ್ಣು ಬಿಟ್ಟು ಕಿರುಚಿದಳು, ಡಾಕ್ಟರರ ಕೋಟು ಹಿಡಿದು ಅತ್ತಳು. ಇನ್ನೊಂದು ಆಪರೇಷನ್ ಆಗಬೇಕೆಂದು ಅವರು ಮತ್ತೆ ಪಟ್ಟಿ ಕಟ್ಟಿದರು. ಎಲ್ಲ ಒಂದೇ ಟೇಕಿನಲ್ಲಿ. ಸೆಟ್ಟಿನಲ್ಲಿ ಚಪ್ಪಾಳೆ ಬಿದ್ದಿತ್ತು. ಆ ಕಂತು ನಿನ್ನೆ ಸಂಜೆ ಬಂತು. ಕಿನ್ನಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತು ನೋಡಿದಳು. ಮಗಳು ಪಕ್ಕದಲ್ಲೇ ಬಂಗುಡೆ ಮೀನಿನ ಪುಳಿಮುಂಚಿ ಸಾರು ಸುರಿದುಕೊಂಡು ಅನ್ನ ಉಣ್ಣುತ್ತಿದ್ದಳು, ಎರಡೂ ಕಣ್ಣು ಸರಿಯಾಗಿಯೇ ಇದ್ದವು.

"ನೋಡು, ನನ್ನ ಕಣ್ಣಿಗೆ ಏನಾದ್ರೂ ಆಗಿದೆಯಾ?" ಎಂದು ವಾರಿಜಾಕ್ಷಿ ಈಗ ಕಾರಿನ ಕಿಟಕಿಗೆ ಮುಖ ಒಡ್ಡಿದಳು.

"ನನಗೆ ಅಷ್ಟೂ ಬುದ್ಧಿ ಇಲ್ವಾ? ನಿನಗೆ ಎಂತದೂ ಆಗ್ಲಿಲ್ಲ. ಆದ್ರೆ ಎಲ್ಲಿಯೂ ಆಗದ್ದನ್ನು ಅವರು ಬರೀತಾರಾ? ಎಲ್ಲೋ ಒಂದು ಕಡೆ ಆದದ್ದೇ ಇರ್ಬೇಕು."

"ಅದೇ ಧಾರಾವಾಹಿಯಲ್ಲಿ ಸತ್ತವನು ಎರಡು ಸಲ ಎದ್ದು ಬಂದಿದ್ದಾನೆ ಅಮ್ಮ!"

"ಅದು ಸುಳ್ಳು ಅಂತ ನನಗೂ ಗೊತ್ತುಂಟು. ಇದು ಹಾಗಲ್ಲ."

ಬಲಗಣ್ಣಿನ ಪೊರೆ ಪೂರ್ತಿ ಬಲಿತಿದೆ, ಇನ್ನು ಬಿಟ್ಟರೆ ಕಷ್ಟ ಎಂದು ಡಾಕ್ಟರರು ಹೇಳಿದ್ದರು. ಹೋದ ತಿಂಗಳು ಕಿನ್ನಿ ಅಂಗಳದ ಕಲ್ಲಿಗೆ ಎಡವಿ ಬಿದ್ದು ಕೈ ಉಳುಕಿಸಿಕೊಂಡಿದ್ದಳು. ಇವತ್ತು ಆಗದಿದ್ದರೆ ಮತ್ತೆ ರಜೆ ಸಿಗುವುದು ಯಾವ ಕಾಲಕ್ಕೋ. ಲೀಲಾಧರನ ಮಾತನ್ನು ಅಮ್ಮ ಕಿವಿಗೂ ಹಾಕಿಕೊಳ್ಳುವವಳಲ್ಲ.

ಅಷ್ಟರಲ್ಲಿ ಒಳಗಿನಿಂದ ನರ್ಸ್ ಸುಹೈಲಾ ಬಂದಳು. ಕೈಯಲ್ಲಿ ಕಣ್ಣಿಗೆ ಹಾಕುವ ಔಷಧದ ಬಾಟಲಿ. "ಮೇಡಂ, ನೀವು ಇಲ್ಲಿ ನಿಲ್ಲಬೇಡಿ, ದಮ್ಮಯ್ಯ. ಒಳಗೆ ಪೇಷಂಟ್‌ಗಳು ಕಿಟಕಿಯಿಂದ ನಿಮ್ಮನ್ನೇ ನೋಡ್ತಾ ಇದ್ದಾರೆ. ಕೋಟೆಕಾರಿನಿಂದ ಬಂದ ಒಬ್ರು ಹೆಂಡ್ತಿಯನ್ನು ಎಬ್ಬಿಸಿಕೊಂಡು ಮನೆಗೆ ಹೋದ್ರು. ಅನಸೂಯಮ್ಮನೇ ಬಂದಿದ್ದಾರೆ, ಏನೋ ಕಂಪ್ಲೇಂಟ್ ಕೊಡ್ಲಿಕ್ಕೆ ಅಂತ."

"ಕಂಪ್ಲೇಂಟಾ? ನಾನು ನನ್ನ ಅಮ್ಮನನ್ನು ಕರ್ಕೊಂಡು ಬಂದದ್ದು!"

"ನನಗೆ ಗೊತ್ತುಂಟು. ಅವರಿಗೆ ಹೇಳುವವರು ಯಾರು? ಡಾಕ್ಟ್ರು ಸಹ ಸಿಟ್ಟಲ್ಲಿದ್ದಾರೆ. ಚಾನೆಲ್‌ನವರಿಗೆ ಒಂದು ಲೆಟರ್ ಹಾಕ್ಬೇಕು ಅಂತಿದ್ರು." ಹೋಗುವ ಮೊದಲು ಸುಹೈಲಾ ದನಿ ತಗ್ಗಿಸಿದಳು. "ಅಲ್ಲ ಮೇಡಂ, ಕಣ್ಣು ವಾಪಸ್ ಬರ್ತದಲ್ಲ ನಿಮಗೆ?"

ವಾರಿಜಾಕ್ಷಿ ಹಲ್ಲು ಕಚ್ಚಿಕೊಂಡು ಫೋನ್ ತೆಗೆದಳು. ಅಮ್ಮ ನಂಬುವುದು ಧಾರಾವಾಹಿಯನ್ನಾದರೆ ಧಾರಾವಾಹಿಯವನೇ ಹೇಳಲಿ. ಚಿತ್ತರಂಜನನಿಗೆ ಕರೆ ಹಚ್ಚಿ, ಸ್ಪೀಕರ್ ಹಾಕಿ, ಕಿಟಕಿಯ ಒಳಗೆ ಹಿಡಿದಳು.

"ಸರ್, ಅನಸೂಯಮ್ಮನಿಗೆ ಕಣ್ಣು ಯಾವಾಗ ಬರ್ತದೆ? ಸ್ವಲ್ಪ ಜೋರಾಗಿ ಹೇಳಿ."

"ಬರಲ್ಲ ಮೇಡಂ!" ಚಿತ್ತರಂಜನ ಉತ್ಸಾಹದಲ್ಲಿದ್ದ. "ನಿನ್ನೆ ಎಪಿಸೋಡ್ ಎಲ್ಲ ಕಡೆ ಓಡ್ತಾ ಇದೆ. ಕನಿಷ್ಠ ನಲವತ್ತು ಎಪಿಸೋಡ್ ಎಳೀಬಹುದು. ನೀವು ಅರ್ಜೆಂಟ್ ಮಾಡ್ಕೋಬೇಡಿ, ಅಮ್ಮನ್ನ ಚೆನ್ನಾಗಿ ನೋಡ್ಕೊಳ್ಳಿ. ಹತ್ತು ದಿನ ಬೇಕಾದ್ರೂ ಇರಿ. ನಿಮ್ಮ ಬದಲು ಮಲಗಿಸಿದೀವಲ್ಲ ಶಶಿಪ್ರಭಾ ಅಂತ, ಏನ್ ಮೇಡಂ ಆ ಹೆಂಗಸು! ಪಟ್ಟಿ ಕಟ್ಕೊಂಡೇ ಬರೀ ಕೈಯಲ್ಲಿ ಆಕ್ಟಿಂಗ್ ಮಾಡ್ತಾರೆ. ಚಾನೆಲ್‌ನೋರು ಸುಮ್ನೆ ಒಂದು ಮಾತು ಹೇಳಿದ್ರು... ಮುಖಕ್ಕೂ ಏನೋ ಆಯ್ತು, ಸರ್ಜರಿ ಆಯ್ತು ಅಂತ ಮಾಡಿ ಅವರನ್ನೇ ತಂದ್ರೆ ಹೆಂಗೆ ಅಂತ. ಸುಮ್ನೆ ಮಾತು ಅಷ್ಟೇ. ಟೆನ್ಷನ್ ತಗೋಬೇಡಿ."

ಫೋನ್ ಇಟ್ಟ ಮೇಲೆ ವಾರಿಜಾಕ್ಷಿ ಬಾನೆಟ್ಟಿಗೆ ಒರಗಿ ನಿಂತಳು. ಒಂಬತ್ತು ವರ್ಷ ಬಿಳಿ ಬಳಿದುಕೊಂಡು ಕಟ್ಟಿದ ಅನ್ನ, ಎರಡು ಗಜ ಬಟ್ಟೆಯ ಹಿಂದೆ ಜಾರಿಹೋಗುವುದರಲ್ಲಿತ್ತು. ಈ ಕಡೆ ಅಮ್ಮ ಕಾರು ಬಿಟ್ಟು ಇಳಿಯುತ್ತಿಲ್ಲ. ಯಾವುದಕ್ಕೆಂದು ಅಳುವುದು?

"ಏ ವಾರಿಜ." ಕಿನ್ನಿಯ ದನಿ ಬೇರೆಯೇ ಆಗಿತ್ತು. "ಆ ಶಶಿಪ್ರಭಾ ಈಗ ನಿನ್ನ ಜಾಗದಲ್ಲಿ ಮಲಗಿದ್ದಾಳಾ?"

"ಹೌದು."

"ನೀನೇ ಬಿಟ್ಟುಕೊಟ್ಟು ಬಂದದ್ದಾ?"

"ನಾಲ್ಕು ದಿನಕ್ಕೆ ಅಮ್ಮ."

"ಇವನನ್ನು ಹೆತ್ತಾಗ," ಕಿನ್ನಿ ಲೀಲಾಧರನ ಹೆಗಲಿಗೆ ತಿವಿದಳು, "ನಾನು ನಲವತ್ತು ದಿನ ಮಾರ್ಕೆಟ್‌ಗೆ ಹೋಗ್ಲಿಲ್ಲ. ಬಾಗಿಲ ಹತ್ತಿರದ ಕಟ್ಟೆ ನನ್ನದು. ಅಲ್ಲಿ ಒಬ್ಬಳು ಬುಟ್ಟಿ ಇಟ್ಟಳು. 'ನೀವು ಬರುವ ತನಕ ಮಾತ್ರ ಕಿನ್ನಿಯಕ್ಕ' ಅಂದಳು, ನಗಾಡಿಕೊಂಡು. ನಾನು ಹೋಗುವಾಗ ಗಿರಾಕಿಗಳು ಅವಳಿಗೆ ಅಭ್ಯಾಸ ಆಗಿದ್ರು. ಎರಡು ವರ್ಷ ಚರಂಡಿ ಬದಿಯಲ್ಲಿ ಕೂತು ಮೀನು ಮಾರಿದ್ದೇನೆ ನಾನು."

"ಈಗ ಅದೆಲ್ಲ ಯಾಕೆ?"

"ಯಾಕೆ ಅಂತ ಕೇಳ್ತಾಳೆ! ಅಷ್ಟು ಓದಿದವರ ಒಟ್ಟಿಗೆ ಇದ್ದೂ ಮಂಗ ಮಾಡಿಸಿಕೊಂಡು ಬಂದಿದ್ದಿಯಲ್ಲ. ಕಣ್ಣಿಗೆ ಪಟ್ಟಿ ಇರುವಷ್ಟು ದಿನ ಯಾರು ಮಲಗಿದ್ರೂ ಒಂದೇ. ಮೊದಲು ಆ ಪಟ್ಟಿ ಬಿಚ್ಚಿಸು."

ಬಾಗಿಲು ತಾನಾಗಿ ತೆರೆಯಿತು. ಕಿನ್ನಿ ಚೀಲ ಹಿಡಿದು ಇಳಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಎಲ್ಲುಂಟು ಡಾಕ್ಟ್ರು? ಇವತ್ತೇ ಮುಗಿಸ್ಲಿ. ನಾಳೆ ನೀನು ಬಸ್ಸು ಹತ್ತಬೇಕು."

"ಹೆದರಿಕೆ ಹೋಯ್ತಾ?"

"ಹೋಗ್ಲಿಲ್ಲ. ಅವನ ಕೈ ನಡುಗಿದ್ರೆ ಅಲ್ಲೇ ಹಿಡಿದು ಎರಡು ಬಾರಿಸ್ತೇನೆ."

ಅಮ್ಮ ಒಳಗೆ ಹೋದ ಮೇಲೆ ವಾರಿಜಾಕ್ಷಿ ಹೊರಗಿನ ಬೆಂಚಿನಲ್ಲಿ ಕೂತು ಮತ್ತೆ ಚಿತ್ತರಂಜನನಿಗೆ ಫೋನ್ ಮಾಡಿದಳು. ಈ ಸಲ ಸ್ಪೀಕರ್ ಹಾಕಲಿಲ್ಲ. ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ.

"ಸರ್, ನಿಮ್ಮ ಒಳ್ಳೆಯದಕ್ಕೆ ಹೇಳ್ತೇನೆ. ಇಲ್ಲಿ ಆಸ್ಪತ್ರೆಯಿಂದ ಜನ ಆಪರೇಷನ್ ಬೇಡ ಅಂತ ಎದ್ದು ಹೋಗ್ತಿದ್ದಾರೆ. ಎಲ್ಲ ನಮ್ಮ ಸೀರಿಯಲ್ ನೋಡಿ ಹೆದರಿ. ಡಾಕ್ಟ್ರು ಚಾನೆಲ್‌ಗೆ ಲೆಟರ್ ಬರೀತೇನೆ ಅಂತಿದ್ದಾರೆ. ಒಬ್ಬರು ಬರೆದ್ರೆ ಉಳಿದ ಕಣ್ಣಿನ ಡಾಕ್ಟ್ರುಗಳು ಸುಮ್ಮನಿರ್ತಾರಾ?"

"ನಿಜಾನಾ ಮೇಡಂ?"

"ನರ್ಸಿಗೆ ಫೋನ್ ಕೊಡ್ಲಾ?"

"ಬೇಡ ಬೇಡ. ಏನ್ ಮಾಡೋಣ ಈಗ?"

"ಇನ್ನೊಂದು ಆಪರೇಷನ್ ಆಯ್ತು, ಕಣ್ಣು ಬಂತು ಅಂತ ಮಾಡಿ. ಡಾಕ್ಟರ ಕಾಲಿಗೆ ಅನಸೂಯಮ್ಮ ಬೀಳ್ಲಿ. ಡಾಕ್ಟ್ರುಗಳಿಗೂ ಖುಷಿ, ಚಾನೆಲ್‌ಗೂ ಖುಷಿ. ಕಣ್ಣು ಬಿಡುವ ದೃಶ್ಯಕ್ಕೆ ನಾನೇ ಬೇಕಲ್ಲ? ನಾಡಿದ್ದು ಬೆಳಗ್ಗೆ ಸೆಟ್ಟಿನಲ್ಲಿರ್ತೇನೆ."

"ಬನ್ನಿ ಮೇಡಂ, ಪಟ್ಟಿ ಬಿಚ್ಚೋಣ," ಎಂದ ಚಿತ್ತರಂಜನ.

ಮರುದಿನ ಬೆಳಿಗ್ಗೆ ಸುಹೈಲಾ ಕಿನ್ನಿಯ ಕಣ್ಣಿನ ಮೇಲಿನ ಪಟ್ಟಿ ತೆಗೆದಳು. ಕಿನ್ನಿ ರೆಪ್ಪೆ ಬಡಿದು, ಮಗಳ ಮುಖವನ್ನು ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುವ ಹಾಗೆ ನೋಡಿದಳು.

"ಎಂತ ಮಾರಾಯ್ತಿ, ಕಣ್ಣ ಕೆಳಗೆ ಇಷ್ಟು ಕಪ್ಪು! ಪೊರೆ ಇರುವಾಗ ನೀನು ಎಷ್ಟು ಚಂದ ಇದ್ದಿ."

"ಅಷ್ಟೇ ಹೇಳ್ಲಿಕ್ಕೆ ಉಂಟಾ ನಿನಗೆ?"

"ಊಟ ಸರಿ ಮಾಡು ಅಂತ ಹೇಳ್ಲಿಕ್ಕೆ ಉಂಟು. ಬಸ್ಸು ಎಷ್ಟು ಗಂಟೆಗೆ?"

"ಪಂಪ್‌ವೆಲ್‌ನಿಂದ ಹನ್ನೊಂದಕ್ಕೆ. ಔಷಧ ಯಾರು ಹಾಕುವುದು? ದಿನಕ್ಕೆ ಆರು ಸಲ ಉಂಟು."

"ತೃಷಾ ಹಾಕ್ತಾಳೆ. ಲೀಲಾಧರನ ಮಗಳು ಇರುವುದು ಮತ್ತೆ ಎಂತಕ್ಕೆ, ಮೊಬೈಲ್ ನೋಡ್ಲಿಕ್ಕಾ? ನೀನು ಹೊರಡು, ಇಲ್ಲಿ ನಿಂತು ನನ್ನ ತಲೆ ತಿನ್ನಬೇಡ."

ವಾರಿಜಾಕ್ಷಿ ಚೀಲ ಹೆಗಲಿಗೇರಿಸಿ ಕೌಂಟರ್ ದಾಟುವಾಗ, ನಿನ್ನೆ ಹೆಂಡತಿಯನ್ನು ಎಬ್ಬಿಸಿಕೊಂಡು ಹೋಗಿದ್ದ ಕೋಟೆಕಾರಿನವರು ಚೀಟಿ ಹಿಡಿದು ನಿಂತಿದ್ದರು. ಹೊಸ ದಿನಾಂಕ ಕೇಳಲು ಬಂದವರು ಅವಳನ್ನು ಕಂಡದ್ದೇ ಎರಡು ಹೆಜ್ಜೆ ಮುಂದೆ ಬಂದು ಕೈಮುಗಿದರು.

"ಅಮ್ಮ, ತಪ್ಪು ತಿಳಿಯಬೇಡಿ. ನಿಮ್ಮ ಕಣ್ಣು ಬರ್ತದಾ?"

ವಾರಿಜಾಕ್ಷಿ ಉದ್ದ ಉಸಿರು ಬಿಟ್ಟಳು. ಹೊರಗೆ ಲೀಲಾಧರ ಹಾರ್ನ್ ಬಾರಿಸುತ್ತಿದ್ದ.

"ಗುರುವಾರ ಬರ್ತದೆ," ಎಂದಳು.

ಅವರು ತಿರುಗಿ ಕೌಂಟರಿನವಳಿಗೆ ಚೀಟಿ ಒಡ್ಡಿದರು. "ಹಾಗಾದ್ರೆ ನಮಗೆ ಶುಕ್ರವಾರ ಕೊಡಿ."