ಥಾರ್ನ್‌ಬೆಕ್ ಕ್ವಾರ್ಟರ್ ಫೈನಲ್ ತಲುಪಿದ ವರ್ಷ

ನನ್ನ ಹೆಂಡತಿಗೆ ರಗ್ಬಿ ಹುಚ್ಚು ಇತ್ತು ಎಂದರೆ ಅಮೆರಿಕದ ಈ ಪಿಸ್ಕಾಟವೇಯ ಕನ್ನಡದವರು ಯಾರೂ ನಂಬುವುದಿಲ್ಲ. ಮೈಸೂರಿನ ಚಾಮುಂಡಿಪುರದಲ್ಲಿ ಬೆಳೆದವಳು, ಏಕಾದಶಿ ತಪ್ಪಿಸದವಳು, ಮನೆಯೊಳಗೆ ಮೊಟ್ಟೆ ತರಗೊಡದವಳು. ಅಂಥ ತ್ರಿಪುರಸುಂದರಿ ಕೆಸರಿನಲ್ಲಿ ಬಿದ್ದು ಹೊರಳಾಡುವ ಗಂಡಸರನ್ನು ನೋಡಿ 'ಹಿಡಿ, ಬಿಡಬೇಡ' ಎಂದು ಗಂಟಲು ಕಟ್ಟುವಂತೆ ಕೂಗುತ್ತಿದ್ದಳು.

ಮೂವತ್ತೊಂದು ವರ್ಷ ನಾನು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ, ಥಾರ್ನ್‌ಬೆಕ್ ಎಂಬ ಸಣ್ಣ ಊರಿನಲ್ಲಿ ಡಾಕ್ಟರಾಗಿದ್ದೆ. ಕಲ್ಲಿದ್ದಲ ಗಣಿ ಮುಚ್ಚಿಹೋಗಿ ಊರಿಗೆ ಉಳಿದದ್ದು ಒಂದು ಚರ್ಚು, ಎರಡು ಪಬ್ಬು ಮತ್ತು ಹದಿಮೂರು ಜನರ ರಗ್ಬಿ ಲೀಗ್ ಆಡುವ ಒಂದು ಕ್ಲಬ್ಬು. ನಾನು ಕ್ಲಿನಿಕ್ಕಿನಲ್ಲಿ ಕೂತಿರುವಾಗ ಇವಳು ಪಕ್ಕದ ಮನೆಯ ಮೌರೀನ್ ಜೊತೆ ಮ್ಯಾಚಿಗೆ ಹೋಗಲು ಶುರು ಮಾಡಿದಳು. ಮೊದಮೊದಲು ಕಾಫಿ ಫ್ಲಾಸ್ಕ್ ಹಿಡಿದುಕೊಂಡು ಜೊತೆಗೆಂದು ಹೋಗುತ್ತಿದ್ದವಳು, ಆಮೇಲೆ ಯಾವ ಆಟಗಾರನಿಗೆ ಯಾವ ಮಂಡಿ ನೋವು ಎಂಬುದರವರೆಗೆ ಎಲ್ಲ ತಿಳಿದುಕೊಂಡಳು. ನನಗೆ ನಾಚಿಕೆಯಾಗುತ್ತಿತ್ತು. ಪ್ರತಿವರ್ಷ ಒಂದು ಮ್ಯಾಚಿಗಾದರೂ ಬನ್ನಿ ಎಂದು ಕರೆಯುತ್ತಿದ್ದಳು. ಪ್ರತಿವರ್ಷ ಆಗುವುದಿಲ್ಲ ಎನ್ನುತ್ತಿದ್ದೆ. ಪರವೂರಿನ ಮ್ಯಾಚಿಗೆ ಹೋಗಿ ಬರುತ್ತೇನೆಂದರೆ ಅದಕ್ಕೂ ಬೇಡ ಎನ್ನುತ್ತಿದ್ದೆ. ಬೇಡ ಎನ್ನುವುದು ನನಗೆ ಉಸಿರಾಡಿದಷ್ಟು ಸಲೀಸಾಗಿ ಬರುತ್ತಿತ್ತು.

ಏಳು ವರ್ಷದ ಹಿಂದೆ ಮಗ ಮಿಹಿರ್ ನಮ್ಮಿಬ್ಬರನ್ನೂ ಇಲ್ಲಿಗೆ ಕರೆಸಿಕೊಂಡ. ಊರು ಬಿಟ್ಟರೂ ಅವಳು ಕ್ಲಬ್ಬು ಬಿಡಲಿಲ್ಲ. ಅಲ್ಲಿ ಮಧ್ಯಾಹ್ನ ಮೂರಕ್ಕೆ ಮ್ಯಾಚ್ ಆದರೆ ಇಲ್ಲಿ ಬೆಳಗ್ಗೆ ಹತ್ತು. ದೇವರ ದೀಪ ಹಚ್ಚಿ, ತಿಂಡಿ ಮುಗಿಸಿ, ಲ್ಯಾಪ್‌ಟಾಪ್ ಮುಂದೆ ಕೂತುಬಿಡುತ್ತಿದ್ದಳು. ಅವಳಿಗೆ ಎಲ್ಲಕ್ಕಿಂತ ಮುಖ್ಯ ಚಾಲೆಂಜ್ ಕಪ್. ಅದರಲ್ಲಿ ಸೋತವರು ಆವತ್ತೇ ಮನೆಗೆ. ಸಣ್ಣ ಕ್ಲಬ್ಬುಗಳು ಜನವರಿಯಲ್ಲಿ ಆಡಲು ಶುರು ಮಾಡುತ್ತವೆ, ಆಮೇಲೆ ದೊಡ್ಡವರು ಬಂದು ಅವರನ್ನು ನುಂಗಿ ನೀರು ಕುಡಿಯುತ್ತಾರೆ. ಥಾರ್ನ್‌ಬೆಕ್ ಸಾಮಾನ್ಯವಾಗಿ ಫೆಬ್ರವರಿ ದಾಟುತ್ತಿರಲಿಲ್ಲ.

ಕಳೆದ ವರ್ಷ ಜನವರಿಯಲ್ಲಿ ಥಾರ್ನ್‌ಬೆಕ್ ಮೊದಲ ಮ್ಯಾಚ್ ಗೆದ್ದ ವಾರವೇ ಅವಳ ಕಣ್ಣು ಹಳದಿಯಾದದ್ದನ್ನು ನೋಡಿದೆ. ಮೈ ಕೆರೆತ ಎನ್ನುತ್ತಿದ್ದಳು, ನೋವು ಇರಲಿಲ್ಲ. ನೋವಿಲ್ಲದ ಕಾಮಾಲೆ ಎಂದರೆ ಏನು ಎಂಬುದು ನನಗೆ ಗೊತ್ತು. ಸ್ಕ್ಯಾನ್ ಆದ ಮೇಲೆ ಆಸ್ಪತ್ರೆಯ ಡಾಕ್ಟರು, ಇಲ್ಲಿನ ರೀತಿಯಂತೆ, ನಿಮಗೆ ಎಷ್ಟು ವಿವರ ಬೇಕು ಎಂದು ಅವಳನ್ನೇ ಕೇಳಿದರು. ಎಲ್ಲವನ್ನೂ ಇವರಿಗೆ ಹೇಳಿ, ಇವರು ನನಗೆ ತಿಳಿಯುವ ಹಾಗೆ ಹೇಳುತ್ತಾರೆ ಎಂದು ತನ್ನ ಯಾರ್ಕ್‌ಷೈರ್ ಇಂಗ್ಲಿಷಿನಲ್ಲಿ ಹೇಳಿ, ಫಾರಂಗೆ ಸಹಿ ಹಾಕಿ, ಹೊರಗೆ ಸೊಸೆ ರಂಜನಿಯ ಪಕ್ಕ ಹೋಗಿ ಕೂತಳು. ಮುಂದಿನ ರೌಂಡಿನಲ್ಲಿ ಥಾರ್ನ್‌ಬೆಕ್‌ಗೆ ಎದುರಾಳಿ ಯಾರು ಎಂದು ಫೋನಿನಲ್ಲಿ ನೋಡಬೇಕಿತ್ತು ಅವಳಿಗೆ.

ಒಳಗೆ ಡಾಕ್ಟರು ಹೇಳಿದ್ದು ಇಷ್ಟು. ಮೇದೋಜೀರಕದ ಕ್ಯಾನ್ಸರ್, ಲಿವರಿಗೂ ಹರಡಿದೆ. ಪಿತ್ತನಾಳಕ್ಕೆ ಒಂದು ಕೊಳವೆ ಹಾಕಿದರೆ ಕಾಮಾಲೆ ಇಳಿಯುತ್ತದೆ, ಒಂದೂವರೆ ಎರಡು ತಿಂಗಳು ಚೆನ್ನಾಗಿರುತ್ತಾರೆ. ಆಮೇಲೆ ಹೆಚ್ಚು ದಿನವಿಲ್ಲ. ಕೀಮೋ ಕೊಟ್ಟರೆ ಕೆಲವು ವಾರ ಸಿಗಬಹುದು, ಸಿಗದೆಯೂ ಇರಬಹುದು. ನೀವು ಅವರಿಗೆ ಹೇಳುತ್ತೀರಲ್ಲವೇ ಎಂದು ಎರಡು ಸಲ ಕೇಳಿದರು. ಹೇಳುತ್ತೇನೆ ಎಂದೆ. ಕೀಮೋ ಬೇಡ ಎಂದೂ ನಾನೇ ಹೇಳಿದೆ.

ಕಾರಿನಲ್ಲಿ ಅವಳು ಕೇಳಿದಾಗ, ನಾಳದಲ್ಲಿ ಅಡಚಣೆ ಇದೆ, ಕೊಳವೆ ಹಾಕುತ್ತಾರೆ, ಆರು ತಿಂಗಳಲ್ಲಿ ಸರಿಹೋಗುತ್ತದೆ ಎಂದುಬಿಟ್ಟೆ. ಸರಿ ಎಂದಳು. ಅಷ್ಟೇ.

ಥಾರ್ನ್‌ಬೆಕ್‌ನಲ್ಲಿ ನನಗೆ ಒಂದು ಹೆಸರಿತ್ತು. ಕುರ್ಚಿ ಹತ್ತಿರ ಎಳೆದುಕೊಂಡು, ಸುತ್ತಿ ಬಳಸದೆ, ರೋಗಿಯ ಕಣ್ಣು ನೋಡಿ ಹೇಳುವ ಡಾಕ್ಟರು ಎಂದು. ಎಷ್ಟೋ ಗಣಿ ಕೆಲಸಗಾರರಿಗೆ ಹಾಗೆ ಹೇಳಿದ್ದೇನೆ. ಕೇಳಿಕೊಂಡು ಹೋಗಿ ಕೆಲವರು ಮಗಳ ಮದುವೆ ಮುಂಚೆ ಮಾಡಿದರು, ಒಬ್ಬ ಮುನಿಸಿಕೊಂಡಿದ್ದ ತಮ್ಮನನ್ನು ಕರೆಸಿಕೊಂಡ. ಆದರೆ ಅದು ಅವರಿಗೆ. ನಮ್ಮ ಮನೆಯಲ್ಲಿ ಆ ರೋಗದ ಹೆಸರನ್ನು ರೋಗಿಯ ಮುಂದೆ ಎತ್ತಿದವರೇ ಇಲ್ಲ. ನಮ್ಮಪ್ಪ ಹುಣ್ಣು ಎಂದುಕೊಂಡೇ ಸತ್ತರು, ಚಿಕ್ಕಮ್ಮ ಗ್ಯಾಸ್ಟ್ರಿಕ್ ಎಂದುಕೊಂಡು. ಹಾಗೆ ಮುಚ್ಚಿಡುವುದನ್ನು ನಾವು ಪ್ರೀತಿ ಎಂದು ತಿಳಿದಿದ್ದೆವು.

ಮಿಹಿರ್ ಜಗಳವಾಡಿದ. ಅಮ್ಮನ ವಿಷಯ ಅಮ್ಮನಿಗೆ ಗೊತ್ತಿರಬೇಕು ಎಂದು ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ತಲೆ ತಿಂದ. ಧಾರವಾಡದ ಹುಡುಗಿ ರಂಜನಿ ಸಾಮಾನ್ಯವಾಗಿ ನನ್ನೆದುರು ಮಾತಾಡುವವಳಲ್ಲ. ಅವಳೂ ಒಂದು ದಿನ ಅಡುಗೆಮನೆಯಲ್ಲಿ ನಿಲ್ಲಿಸಿ ಹೇಳಿದಳು:

"ಅತ್ತಿಯವರು ನಿಮ್ಮನ್ನ ನಂಬ್ಯಾರ್ರಿ ಮಾವ. ಅದಕ್ಕಾದ್ರೂ ಹೇಳ್ರಿ."

ನಾನು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತೊಂದು ವರ್ಷ ಇದನ್ನೇ ಮಾಡಿದ್ದೇನೆ, ನನಗೆ ಕಲಿಸಬೇಡಿ ಎಂದು ಗದರಿ ಬಾಯಿ ಮುಚ್ಚಿಸಿದೆ.

ಕೊಳವೆ ಹಾಕಿದ ಮೇಲೆ ಕಣ್ಣು ಬೆಳ್ಳಗಾಯಿತು, ಊಟ ಸೇರತೊಡಗಿತು. ಫೆಬ್ರವರಿಯಲ್ಲಿ ಥಾರ್ನ್‌ಬೆಕ್ ಮತ್ತೊಂದು ಮ್ಯಾಚ್ ಗೆದ್ದಿತು. ಮಾರ್ಚಿನಲ್ಲಿ ಒಂದು ದೊಡ್ಡ ಕ್ಲಬ್ ಎದುರಾಯಿತು. ಆ ಆಟಗಾರರಿಗೆ ಅದೇ ನೌಕರಿ. ನಮ್ಮವರೋ ವಾರವೆಲ್ಲ ಪ್ಲಂಬಿಂಗ್ ಮಾಡಿ, ಲಾರಿ ಓಡಿಸಿ ಶನಿವಾರ ಆಡುವವರು. ಹದಿನೆಂಟು ಹದಿನಾಲ್ಕರಲ್ಲಿ ಹಿಂದಿದ್ದಾಗ, ಕೊನೆಯ ನಿಮಿಷದಲ್ಲಿ ಒಬ್ಬ ಹುಡುಗ ಮೂಲೆಯಲ್ಲಿ ಚೆಂಡು ಊರಿ ನಾಲ್ಕು ಪಾಯಿಂಟ್ ತಂದ, ಇನ್ನೊಬ್ಬ ಅದನ್ನು ಕಂಬಗಳ ನಡುವೆ ಒದ್ದು ಇನ್ನೆರಡು ತಂದ. ಎರಡು ಪಾಯಿಂಟಿನಲ್ಲಿ ಗೆಲುವು. ಸುಂದರಿ ಸೋಫಾದಿಂದ ಎದ್ದು ಕುಣಿದಳು ಎಂದರೆ ಸುಳ್ಳಲ್ಲ. ಕೇಸರಿಭಾತ್ ಮಾಡಿ ಪಕ್ಕದ ಗುಜರಾತಿಗಳ ಮನೆಗೂ ಕೊಟ್ಟು ಬಂದಳು. ಏನು ವಿಶೇಷ ಎಂದು ಕೇಳಿದ್ದಕ್ಕೆ ನಮ್ಮವರು ಗೆದ್ದರು ಎಂದಳಂತೆ.

ಕ್ವಾರ್ಟರ್ ಫೈನಲ್ ಏಪ್ರಿಲ್ ಮೊದಲ ವಾರ, ಥಾರ್ನ್‌ಬೆಕ್‌ನ ಸ್ವಂತ ಮೈದಾನದಲ್ಲೇ ಎಂದು ಚೀಟಿ ಎತ್ತಿದಾಗ ಗೊತ್ತಾಯಿತು. ಎಂಬತ್ತು ದಾಟಿದ ಮೌರೀನ್ ಫೋನ್ ಮಾಡಿ, ನಿನ್ನ ಜಾಗ ಹಿಡಿದಿಟ್ಟಿರುತ್ತೇನೆ, ನಮ್ಮ ಮನೆಯಲ್ಲೇ ಇರು, ಬಾ ಎಂದು ಕರೆದಳು. ಸುಂದರಿ ನನ್ನೆದುರು ಬಂದು ಕೂತಳು.

"ರೀ, ಒಂದು ವಾರ ಹೋಗಿ ಬರೋಣ. ಈಗ ಹುಷಾರಾಗಿದೀನಲ್ಲ. ನಾನು ನೋಡೋಕೆ ಶುರು ಮಾಡಿದ ಮೇಲೆ ಥಾರ್ನ್‌ಬೆಕ್ ಇಲ್ಲೀವರೆಗೆ ಬಂದೇ ಇರ್ಲಿಲ್ಲ."

ನನ್ನೊಳಗಿನ ಡಾಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಹೋಗುವುದಾದರೆ ಇದೇ ಸಮಯ, ಇನ್ನೊಂದು ತಿಂಗಳಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಆದರೆ ನಲವತ್ತಾರು ವರ್ಷ ಕೇಳಿದ್ದಕ್ಕೆಲ್ಲ ಬೇಡ ಎಂದ ಗಂಡ ಈಗ ಬಾಯಿ ತೆರೆಯುವ ಮೊದಲೇ ಹೂಂ ಎಂದರೆ, ತನಗೇನೋ ಆಗಿದೆ ಎಂದು ಅವಳಿಗೆ ಆ ಕ್ಷಣ ಹೊಳೆಯುತ್ತಿತ್ತು. ಅವಳೇನು ದಡ್ಡಿಯಲ್ಲ. ಸುಳ್ಳು ಉಳಿಯಬೇಕಾದರೆ ನಾನು ಎಂದಿನಂತೆಯೇ ಇರಬೇಕಿತ್ತು. ಎಂದಿನಂತೆಯೇ ಸಿಡುಕಿದೆ.

"ಆ ಕೆಸರಾಟ ನೋಡೋಕೆ ಅಷ್ಟು ದೂರ ಯಾರು ಹೋಗ್ತಾರೆ? ಮೊದಲು ಮೈಯಲ್ಲಿ ಶಕ್ತಿ ಬರ್ಲಿ. ಮುಂದಿನ ವರ್ಷ ನೋಡೋಣ."

ಅವಳ ಮುಖ ಬಾಡುತ್ತದೆ ಎಂದುಕೊಂಡಿದ್ದೆ. ಅರಳಿತು. ಮುಂದಿನ ವರ್ಷ ಎಂಬ ಮಾತನ್ನೂ ನಾನು ಅದುವರೆಗೆ ಆಡಿದವನಲ್ಲ. ಆವತ್ತೇ ಮೌರೀನ್‌ಗೆ ಫೋನ್ ಮಾಡಿ, ಬರುವ ವರ್ಷಕ್ಕೆ ಇವರು ಒಪ್ಪಿದ್ದಾರೆ, ಇವರೂ ಬರುತ್ತಾರೆ ಎಂದು ಹೇಳಿದಳು. ನಾನು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡೆ. ಎದ್ದು ಹೋಗಿ ಆ ಫೋನ್ ಕಿತ್ತುಕೊಂಡು ನಿಜ ಹೇಳಿಬಿಡಬೇಕು ಎನಿಸಿತು. ಏಳಲಿಲ್ಲ. ಹೇಡಿತನಕ್ಕೆ ಬೇರೆ ಹೆಸರಿದ್ದರೆ ನನಗೆ ಗೊತ್ತಿಲ್ಲ.

ಏಪ್ರಿಲ್ ಹೊತ್ತಿಗೆ ಸೀರೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮಲಗಿಕೊಂಡೇ ಮ್ಯಾಚ್ ನೋಡಿದಳು. ಥಾರ್ನ್‌ಬೆಕ್ ಮೂವತ್ತಾರು ಎಂಟರಲ್ಲಿ ಸೋತಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಲೇ ಇದ್ದರು, ಆಟಗಾರರು ಮೈದಾನ ಸುತ್ತಿ ಅವರ ಕೈ ಕುಲುಕಿದರು. ಇವಳು ಅಳಲಿಲ್ಲ. ಪರವಾಗಿಲ್ಲ, ಮುಂದಿನ ಸಲ ನಾವೂ ಅಲ್ಲೇ ಇರುತ್ತೇವಲ್ಲ ಎಂದಳು. ಆಮೇಲೆ ತನ್ನ ಬ್ರಿಟಿಷ್ ಪಾಸ್‌ಪೋರ್ಟ್ ನವೆಂಬರಿಗೆ ಮುಗಿಯುತ್ತದೆ, ಈಗಲೇ ರಿನ್ಯೂ ಮಾಡಿಸಿ, ಕೊನೆ ಗಳಿಗೆಯಲ್ಲಿ ಅದೊಂದು ನೆಪ ಹೇಳಬೇಡಿ ಎಂದು ನನಗೇ ಚುಚ್ಚಿದಳು.

ಪಾಸ್‌ಪೋರ್ಟಿನ ಫೋಟೊಗೆಂದು ರಂಜನಿಯಿಂದ ಸೀರೆಗೆ ಪಿನ್ ಹಾಕಿಸಿಕೊಂಡಳು. ಕುಂಕುಮ ಇಟ್ಟುಕೊಂಡು ಬಿಳಿ ಗೋಡೆಗೆ ಒರಗಿ ಕೂತಳು. ಮಿಹಿರ್ ಫೋಟೊ ತೆಗೆದು ನನ್ನ ಕೈಗೆ ಫೋನ್ ಕೊಟ್ಟು ಕೋಣೆಯಿಂದ ಹೊರಟುಹೋದ. ಮತ್ತೆ ಹಳದಿ ತಿರುಗಿದ ಕಣ್ಣು, ಕೆನ್ನೆ ಒಳಗೆ ಹೋದ ಮುಖ. ನಗಬಾರದು ಎಂಬ ನಿಯಮ ಗೊತ್ತಿದ್ದರೂ ತುಟಿಯಲ್ಲಿ ನಗು ಇತ್ತು. ಹತ್ತು ವರ್ಷದ ಪಾಸ್‌ಪೋರ್ಟಿಗೆ ಆ ಫೋಟೊ. ನನ್ನಿಂದ ಇನ್ನು ಆಗಲಿಲ್ಲ.

ಕುರ್ಚಿ ಹತ್ತಿರ ಎಳೆದುಕೊಂಡೆ. ಕನ್ನಡದಲ್ಲಿ ನಾಲಿಗೆ ಹೊರಳಲಿಲ್ಲ. ಥಾರ್ನ್‌ಬೆಕ್‌ನ ರೋಗಿಗಳಿಗೆ ಹೇಳುತ್ತಿದ್ದ ಅದೇ ಇಂಗ್ಲಿಷಿನಲ್ಲಿ, ಅದೇ ಕ್ರಮದಲ್ಲಿ ಹೇಳಿದೆ. ರೋಗದ ಹೆಸರು, ಎಲ್ಲಿಗೆ ಹರಡಿದೆ, ಎಷ್ಟು ದಿನ. ಯಾವಾಗಿನಿಂದ ಗೊತ್ತು ಎಂದು ಕೇಳಿದಳು, ಅದನ್ನೂ ಹೇಳಿದೆ. ಕೀಮೋ ಬೇಡ ಎಂದು ನಾನೇ ತೀರ್ಮಾನಿಸಿದ್ದನ್ನೂ ಹೇಳಿದೆ.

"ನಾನು ಕೇಳಿದಾಗ, ಮಾರ್ಚಲ್ಲಿ, ಹೋಗಬಹುದಿತ್ತಾ?"

"ಹೋಗಬಹುದಿತ್ತು."

ಹೂಂ ಅಂದಿದ್ದರೆ ನಿನಗೆ ಗೊತ್ತಾಗಿಬಿಡುತ್ತಿತ್ತು, ಅದಕ್ಕೇ ಬೇಡ ಅಂದೆ ಎಂದು ತೊದಲಿದೆ.

"ಗೊತ್ತಾದ್ರೆ ಗೊತ್ತಾಗ್ತಿತ್ತು. ಮ್ಯಾಚಾದ್ರೂ ನೋಡ್ತಿದ್ದೆ."

ಮೌರೀನ್‌ಗೆ ಫೋನ್ ಮಾಡಿಕೊಡು ಎಂದು ರಂಜನಿಯನ್ನು ಕರೆದಳು. ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತಾಡಿದಳು, ನಡುವೆ ಒಮ್ಮೆ ನಕ್ಕದ್ದೂ ಕೇಳಿಸಿತು. ನಾನು ಹಜಾರದಲ್ಲಿ ಕೂತಿದ್ದೆ. ನನ್ನನ್ನು ಒಳಗೆ ಕರೆಯಲಿಲ್ಲ.

ಅದಾದ ಮೇಲೆ ಹತ್ತೊಂಬತ್ತು ದಿನ ಇದ್ದಳು. ಕೋಪ ಮಾಡಿಕೊಳ್ಳಲಿಲ್ಲ, ಮಾತು ಬಿಡಲಿಲ್ಲ, ನಾನು ಊಟ ಮಾಡಿದೆನೇ ಎಂದು ದಿನವೂ ವಿಚಾರಿಸಿದಳು. ಮದುವೆಯಾದಾಗಿನಿಂದ ಜ್ವರಕ್ಕೋ ಕೆಮ್ಮಿಗೋ ನಾನು ಏನು ಕೊಟ್ಟರೂ ಅದೇನೆಂದು ಕೇಳದೆ ನುಂಗುತ್ತಿದ್ದವಳು. ಆ ಹತ್ತೊಂಬತ್ತು ದಿನ ಮಾತ್ರ, ನಾನು ಕೈಗೆ ಮಾತ್ರೆ ಕೊಟ್ಟಾಗಲೆಲ್ಲ ಹಿಡಿದುಕೊಂಡೇ ಇರುತ್ತಿದ್ದಳು. ಮಿಹಿರ್ ಬಂದು ಶೀಶೆಯ ಮೇಲಿನ ಹೆಸರನ್ನು ಓದಿ ಹೇಳಿದ ಮೇಲೆ ನುಂಗುತ್ತಿದ್ದಳು.