ಇಲ್ಲದ ಆಜ್ಞೆಯ ಚೀಟಿಗಳು

ನಾನು ಶಾಯಿ ಇಲ್ಲದೆ ಬರೆಯುವ ಯಂತ್ರ. ಅಂಗೈಯಗಲದ ಕಾಗದದ ಸುರುಳಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಬಿಸಿ ತಾಗಿಸಿ ಅಕ್ಷರ ಮೂಡಿಸಿ, ಕರ್ರ್ ಎಂದು ಚೀಟಿಯನ್ನು ಹೊರಗೆ ದೂಡುವುದು ನನ್ನ ಕಸುಬು. ಹುಟ್ಟಿದ್ದು ಯಾವ ಊರಲ್ಲಿ ಅಂತ ಕೇಳಬೇಡಿ, ಬೆನ್ನಿನ ಸ್ಟಿಕ್ಕರ್ ಯಾವಾಗಲೋ ಕಿತ್ತುಹೋಗಿದೆ. ಕಾರ್ಖಾನೆಯ ಉದ್ದ ಮೇಜಿನ ಮೇಲೆ ನನ್ನಂಥವರು ಇನ್ನೂರು ಮಂದಿ ಸಾಲಾಗಿ ಕೂತಿದ್ದೆವು. ಪರೀಕ್ಷೆ ಮಾಡುವ ಹೆಂಗಸು ನನ್ನ ಮುಚ್ಚಳ ತೆರೆದು ಮುಚ್ಚಿ, “ಇದರ ಸದ್ದು ಸ್ವಲ್ಪ ಜಾಸ್ತಿ. ಇರ್ಲಿ, ಹೋಗ್ಲಿ” ಎಂದು ಪೆಟ್ಟಿಗೆಗೆ ಹಾಕಿದಳು.

ಮೊದಲು ಸೇರಿದ್ದು ಮಂಗಳೂರಿನ ಬಿಜೈಯಲ್ಲಿ ವಾಮನ ಶೆಣೈಯವರ ಕ್ಯಾಂಟೀನಿಗೆ. ಎರಡು ಬನ್ಸ್, ಒಂದು ಪ್ಲೇಟು ಗೋಳಿಬಜೆ, ಮೂರು ಚಾ ಎಂದು ಟೋಕನ್ ಬರೆದು ಬರೆದು ನಾಲ್ಕು ವರ್ಷ ಕಳೆದೆ. ನನಗೆ ಮೊದಲಿನಿಂದಲೂ ಒಂದು ಕೆಟ್ಟ ಚಾಳಿ ಉಂಟು. ಬರೆದದ್ದನ್ನೆಲ್ಲ ಓದುತ್ತೇನೆ, ಓದಿದ ಮೇಲೆ ಇದನ್ನು ಕೇಳಿದವರು ಯಾರಿರಬಹುದು ಅಂತ ತಲೆ ಕೆಡಿಸಿಕೊಳ್ಳುತ್ತೇನೆ. ಶೆಣೈಯವರು ದೊಡ್ಡ ಪರದೆಯ ಹೊಸ ಯಂತ್ರ ತಂದ ದಿನ ನನ್ನನ್ನು ಮಹಡಿಯ ಆಫೀಸಿನವರಿಗೆ ಕೊಟ್ಟುಬಿಟ್ಟರು. “ಸುಮ್ಮನೆ ತಗೊಳ್ಳಿ ಮಾರಾಯ್ರೆ, ಬೊಬ್ಬೆ ಹೊಡೆಯುವುದೊಂದು ಬಿಟ್ಟರೆ ಒಳ್ಳೆ ಯಂತ್ರ” ಎಂದರು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ!

ಮಹಡಿಯ ಮೇಲೆ ಇದ್ದದ್ದು ನಮಿತಾ ಬಂಗೇರ ಎಂಬವರ ಹತ್ತು ಜನರ ಕಂಪನಿ. ಅವರ ಸಾಮಾನು ನಮ್ಮ ನಿಮ್ಮಂಥವರಿಗಲ್ಲ, ಪ್ರೋಗ್ರಾಂ ಬರೆಯುವವರಿಗೆ. ಶೆಣೈಯವರು ಊಟ ಬಡಿಸುವವರಾದರೆ ಇವರು ಅಡುಗೆಯವರಿಗೆ ಮಸಾಲೆ ಅರೆದು ಕೊಡುವವರು ಅನ್ನಿ. ನಮ್ಮ ಜನ ವಿಳಾಸ ಹೇಗೆ ಬರೆಯುತ್ತಾರೆ ಗೊತ್ತಲ್ಲ? ‘ಅಶ್ವತ್ಥಕಟ್ಟೆಯ ಹಿಂದೆ, ಹಳೆ ರೇಷನ್ ಅಂಗಡಿ ದಾಟಿ ಮೂರನೇ ಗೇಟು.’ ಇಂಥದ್ದನ್ನು ಯಾವುದಾದರೂ ಆ್ಯಪು ಕಳಿಸಿದರೆ, ನಕಾಶೆಯಲ್ಲಿ ಆ ಮನೆ ಎಲ್ಲುಂಟು ಅಂತ ಚುಕ್ಕೆ ಇಟ್ಟು ವಾಪಸು ಕೊಡುವುದು ಇವರ ಕೆಲಸ. ಕೊರಿಯರಿನವರಿಗೆ, ಔಷಧಿ ತಲುಪಿಸುವವರಿಗೆ ಆ್ಯಪು ಕಟ್ಟುವ ಜನ ಇವರ ಗಿರಾಕಿಗಳು.

ನಮಿತಾ ನನ್ನನ್ನು ಕಂಪ್ಯೂಟರಿಗೆ ಜೋಡಿಸಿ ಒಂದೇ ಕೆಲಸ ಕೊಟ್ಟರು. ಯಾವ ಗಿರಾಕಿಯ ಪ್ರೋಗ್ರಾಮಾದರೂ ತಪ್ಪು ಕೇಳಿ ಮುಗ್ಗರಿಸಿದರೆ ನಾನು ಒಂದು ಚೀಟಿ ಹೊರಗೆ ಹಾಕಬೇಕು, ಹೆಸರು ಮತ್ತು ಫೋನ್ ನಂಬರಿನ ಸಮೇತ. “ಪರದೆಯ ಮೇಲೆ ಬಂದದ್ದನ್ನು ನಾವು ಯಾರೂ ನೋಡುವುದಿಲ್ಲ. ಇದು ಬೊಬ್ಬೆ ಹೊಡೆದರೆ ಕೇಳಿಸದೆ ಇರ್ತದಾ?” ಎಂದರು. ಕೊನೆಗೂ ನನ್ನ ಸದ್ದಿಗೆ ಒಂದು ಬೆಲೆ ಬಂತು!

ಚೀಟಿ ಓದುತ್ತಿದ್ದವರು ಲ್ಯಾನ್ಸಿ ಮಾಸ್ಟ್ರು, ಮಿನೇಜಸ್ ಮನೆತನದವರು, ಪ್ರಾಯ ಐವತ್ತೆಂಟು. ಮೊದಲು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ನಮಿತಾ ಅವರ ಹಳೆಯ ಶಿಷ್ಯೆ. ಕಂಪನಿಯ ಸಾಮಾನನ್ನು ಹೇಗೆ ಬಳಸಬೇಕು ಎಂದು ವಿವರಿಸುವ ಪುಟಗಳನ್ನು ಬರೆಯುವುದು, ತಿಳಿಯದವರು ಫೋನ್ ಮಾಡಿದರೆ ಹೇಳಿಕೊಡುವುದು ಅವರ ಕೆಲಸ. ಒಂದು ಅಲ್ಪವಿರಾಮ ತಪ್ಪಿದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತು ಫೋನ್ ಬಂದರೆ ಮುಖ ಅರಳುತ್ತಿತ್ತು, ಮಾಸ್ಟ್ರಿಗೆ ಪ್ರಶ್ನೆಯೇ ಪ್ರಾಣ.

ಆಮೇಲೆ ಈ ಎಐ ಬಂತು ನೋಡಿ. ಪ್ರೋಗ್ರಾಂ ಬರೆಯುವವರು ಮಾಸ್ಟ್ರ ಪುಟ ಓದುವುದನ್ನು ಬಿಟ್ಟರು. ಎಐಯನ್ನು ಕೇಳಿದರು, ಅದು ಬರೆದುಕೊಟ್ಟದ್ದನ್ನು ಅಂಟಿಸಿದರು, ಮುಗಿಯಿತು. ಆರು ತಿಂಗಳಲ್ಲಿ ಫೋನು ಮೂಕವಾಯಿತು. ಮಾಸ್ಟ್ರು ಆಗಾಗ ರಿಸೀವರ್ ಎತ್ತಿ ಸರಿಯಿದೆಯಾ ಅಂತ ನೋಡುವರು, ಪಾಪ. ಕಂಪನಿಯಲ್ಲಿ ಹಣ ಹಾಕಿದ ಬೆಂಗಳೂರಿನವರು ಬಂದು ಹೇಳಿಯೇ ಬಿಟ್ಟರು: “ಪುಟ ಬರೆಯೋಕೆ ಇನ್ನು ಮನುಷ್ಯರು ಯಾಕೆ ಮೇಡಂ? ಈ ತಿಂಗಳ ಕೊನೆಗೆ ಆ ಹುದ್ದೆ ತೆಗೆದುಬಿಡಿ.” ನಾನು ನಮಿತಾರ ಮೇಜಿನ ಮೂಲೆಯಲ್ಲೇ ಇದ್ದೆ, ಎಲ್ಲ ಕೇಳಿಸಿತು. ನಮಿತಾ ಮಾಸ್ಟ್ರಿಗೆ ಹೇಳಲು ದಿನಾ ಬಾಯಿ ತೆರೆಯುವರು, “ಸರ್, ಚಾ ಆಯ್ತಾ?” ಎಂದು ಕಿಟಕಿ ನೋಡುತ್ತ ಕೇಳಿ ಮುಚ್ಚುವರು.

ಆ ತಿಂಗಳಲ್ಲೇ ನನ್ನ ಬಾಯಿಂದ ವಿಚಿತ್ರ ಚೀಟಿಗಳು ಬರಲು ಶುರುವಾದವು. ‘ದಾರಿಹೇಳು ಎಂಬ ಆಜ್ಞೆ ಇಲ್ಲ.’ ಆಜ್ಞೆ ಅಂದರೆ ಗಿರಾಕಿಯ ಪ್ರೋಗ್ರಾಂ ನಮ್ಮಿಂದ ಒಂದು ಕೆಲಸ ಮಾಡಿಸಲು ಕಳಿಸುವ ಹೆಸರು. ನಾಸಿಕದಿಂದ ಒಂದು, ಕೊಲ್ಲಂನಿಂದ ಒಂದು, ಮರುದಿನ ಶಿರಸಿಯಿಂದ ಎರಡು. ಒಬ್ಬರಿಗೊಬ್ಬರು ಗುರುತಿಲ್ಲದ ಜನ, ಕಂಪನಿಯಲ್ಲಿ ಇಲ್ಲವೇ ಇಲ್ಲದ ಒಂದೇ ಆಜ್ಞೆಯನ್ನು ಒಂದೇ ಹೆಸರಿನಿಂದ ಕೇಳುವುದು ಹೇಗೆ? ನನಗೆ ಕುತೂಹಲ ತಡೆಯಲಾಗಲಿಲ್ಲ. ವಾರದಲ್ಲಿ ಅರವತ್ತೊಂದು ಚೀಟಿ ಬಂದವು.

ಮಾಸ್ಟ್ರಿಗೆ ಬಂದದ್ದು ಕೋಪ. “ಎಂತ ಅವಸ್ಥೆ ಇದು! ಇಲ್ಲದ್ದನ್ನು ಕೇಳ್ತಾರಲ್ಲ, ಓದ್ಲಿಕ್ಕೆ ಬರುವುದಿಲ್ಲವಾ ಇವರಿಗೆ?” ಎಂದು ಕೊನೆಯ ಚೀಟಿಯ ನಂಬರಿಗೆ ಫೋನ್ ಹಚ್ಚಿದರು, ಸರಿಯಾಗಿ ಬೈದೇ ಬಿಡುವುದೆಂದು.

ಎತ್ತಿದವಳು ಗದಗದ ಗಂಗಾ ಮುಳಗುಂದ. ಅಲ್ಲಿಯ ಆಂಬುಲೆನ್ಸ್ ಆಫೀಸಿನಲ್ಲೇ ಕೂತು ಡ್ರೈವರುಗಳಿಗೆ ಆ್ಯಪು ಕಟ್ಟುತ್ತಿದ್ದಳು. ಸ್ಪೀಕರಿನಲ್ಲಿ ಅವಳ ಮಾತು ನನಗೂ ಕೇಳಿಸಿತು. “ನಿಮ್ಮದ್ರಾಗ ಅದು ಐತಿ ಅಂತ ಎಐ ಹೇಳ್ತು ನೋಡ್ರಿ ಸರ್. ಇಲ್ಲೇನ್ರಿ?”

“ಇಲ್ಲ! ಅದು ಸುಳ್ಳು ಹೇಳಿದ್ದು,” ಎಂದರು ಮಾಸ್ಟ್ರು. ಆಮೇಲೆ ಹಳೆಯ ಅಭ್ಯಾಸ, ಬಾಯಿಗೆ ತಾನಾಗಿ ಬಂತು: “ಅಲ್ಲ, ನಿಮಗೆ ಅದು ಯಾಕೆ ಬೇಕಿತ್ತು?”

“ಕರೆ ಮಾಡಿದವರ ಫೋನಿಂದ ಚುಕ್ಕೆ ಬರ್ತೈತ್ರಿ. ಗಾಡಿ ಓಡಸೂ ಡ್ರೈವರ್‌ಗೆ ನಕಾಶಿ ನೋಡಾಕ ಎಲ್ಲಿ ಪುರುಸೊತ್ತು? ನೀರಿನ ಟಾಕಿ ಹಿಂದ, ಗಿರಣಿ ದಾಟಿ ಬಲಕ್ಕ ಅಂತ ಕಿವ್ಯಾಗ ಹೇಳಿದ್ರ ಸಾಕ್ರಿ. ಚುಕ್ಕೆ ಕೊಟ್ರ ಮಾತು ಬರಬೇಕ್ರಿ.”

ಮಾಸ್ಟ್ರು ಬೈಯಲಿಲ್ಲ. ಫೋನ್ ಇಟ್ಟು, ಉಳಿದ ಚೀಟಿಗಳ ನಂಬರಿಗೂ ಒಂದೊಂದಾಗಿ ಮಾಡಿದರು. ಎರಡು ದಿನ ಅದೇ ಕೆಲಸ. ಎಲ್ಲರದ್ದೂ ಹೆಚ್ಚುಕಡಿಮೆ ಅದೇ ಉತ್ತರ. ಮೂರನೇ ದಿನ ಬೆಳಿಗ್ಗೆ ಚೀಟಿಗಳ ಕಟ್ಟನ್ನು ನಮಿತಾರ ಮುಂದೆ ಇಟ್ಟರು. “ಇದು ಇರಬೇಕಿತ್ತು ಅಂತ ಎಐಗೆ ಹೊಳೆಯಿತು, ನಮಗೆ ಹೊಳೆಯಲಿಲ್ಲ. ನಾವು ವಿಳಾಸದಿಂದ ಚುಕ್ಕೆ ಮಾಡ್ತೇವೆ, ಇವರಿಗೆ ಚುಕ್ಕೆಯಿಂದ ದಾರಿ ಬೇಕು. ನಾವು ಇದನ್ನು ಕಟ್ಟುವ, ನಮಿತಾ. ಅದೇ ಹೆಸರಿನಿಂದ ಕಟ್ಟುವ.”

ನಮಿತಾ ಚೀಟಿಗಳನ್ನು ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ ಬೆಂಗಳೂರಿಗೆ ಫೋನ್ ಮಾಡಿ, ಆ ಹುದ್ದೆಯ ಮಾತು ಒಂದು ತಿಂಗಳು ಕಳೆದ ಮೇಲೆ ಆಡುವ ಎಂದರು.

ಕಟ್ಟಲು ಮೂರು ವಾರ ಹಿಡಿಯಿತು. ಆಫೀಸಿನ ಹುಡುಗಿಯರಿಬ್ಬರು ಪ್ರೋಗ್ರಾಂ ಬರೆದರು, ಮಾಸ್ಟ್ರು ಪುಟ ಬರೆದರು. “ಈ ಸಲ ಓದುವ ವಿದ್ಯಾರ್ಥಿ ಯಂತ್ರ. ಅದಕ್ಕೆ ಇದು ಉಂಟು, ಇದು ಇಲ್ಲ ಅಂತ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಹಿಂದಿನ ಬೆಂಚಿನವರ ಹಾಗೆ ಅಂದಾಜಿಗೆ ಉತ್ತರ ಬರೀತದೆ” ಎಂದು ನಕ್ಕರು.

ಹೊಸ ಆಜ್ಞೆಯನ್ನು ಗಿರಾಕಿಗಳಿಗೆ ತೆರೆದ ದಿನ ಎಲ್ಲರೂ ನನ್ನ ಸುತ್ತ ನಿಂತರು. ನಾನು ಬರೆಯುವುದು ತಪ್ಪನ್ನು ಮಾತ್ರ ಅಲ್ಲವಾ? ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ನನ್ನ ಬಾಯಿಂದ ಒಂದು ಚೀಟಿಯೂ ಬರಲಿಲ್ಲ. “ಹಾಳಾಗಿದೆಯಾ ಹೇಗೆ?” ಎಂದು ನಮಿತಾ ಬೇಕೆಂದೇ ಒಂದು ತಪ್ಪು ಕಳಿಸಿ ನೋಡಿದರು. ಕರ್ರ್ ಎಂದು ಬರೆದುಕೊಟ್ಟೆ. ಸರಿಯಾಗಿಯೇ ಇದ್ದೆ ಮಾರಾಯ್ರೆ, ಬರೆಯಲು ತಪ್ಪಿರಲಿಲ್ಲ ಅಷ್ಟೇ!

ಆದರೂ ಮಾಸ್ಟ್ರಿಗೆ ಸಮಾಧಾನವಿಲ್ಲ. ಗಂಗಾಳಿಗೆ ಫೋನ್ ಮಾಡಿ, “ಅರ್ಥ ಆಗದ್ದು ಏನಾದರೂ ಉಂಟಾ?” ಎಂದರು.

“ಸರ್, ದಾರಿ ಕೇಳಿಕೋತ ಗಾಡಿ ಹೊಂಟೈತ್ರಿ, ಪೇಶಂಟ್ ಭಾಳ ಸೀರಿಯಸ್ ಅದಾರ. ಆಮ್ಯಾಲೆ ಮಾಡ್ತೀನ್ರಿ!” ಎಂದು ಅವಳು ಫೋನ್ ಇಟ್ಟೇಬಿಟ್ಟಳು.

ಮಾಸ್ಟ್ರು ರಿಸೀವರ್ ಹಿಡಿದುಕೊಂಡೇ ನಿಂತರು. “ಏನೂ ಕೇಳಲಿಲ್ಲ ನಮಿತಾ. ಒಂದು ಪ್ರಶ್ನೆಯೂ ಇಲ್ಲ,” ಎಂದರು. ಅವರ ಕಣ್ಣಲ್ಲಿ ನೀರಿತ್ತು, ಅದು ಖುಷಿಯದ್ದೇ.

ಆ ವರ್ಷ ಗಿರಾಕಿಗಳು ಮೂರು ಪಟ್ಟಾದರು. ಎಐಗಳೇ ಊರೂರಿನ ಪ್ರೋಗ್ರಾಂನವರಿಗೆ ಕಂಪನಿಯ ಹೆಸರು ಹೇಳುತ್ತಿದ್ದವಂತೆ. ಆಫೀಸಿನಲ್ಲಿ ಮೂವತ್ತು ಜನರಾದರು. ನನ್ನ ಬಿಸಿ ಕಡಿಮೆಯಾಗಿ ಅಕ್ಷರ ಅರ್ಧರ್ಧ ಮೂಡತೊಡಗಿದ್ದರಿಂದ ನನ್ನನ್ನು ಕಪಾಟಿನ ಮೇಲೆ ಎತ್ತಿಟ್ಟರು. ಅಲ್ಲಿಂದ ಒಂದು ಮಧ್ಯಾಹ್ನ ನಮಿತಾ ಹೇಳಿದ್ದು ಕೇಳಿಸಿತು.

“ಸರ್, ಆ ತಿಂಗಳು ನಿಮ್ಮನ್ನು ಕಳಿಸಬೇಕು ಅಂತ ಇದ್ದೆ.”

“ಗೊತ್ತಿತ್ತು. ಎಂಟನೇ ಕ್ಲಾಸಿನಲ್ಲೂ ನೀನು ಏನಾದರೂ ಮುಚ್ಚಿಡುವಾಗ ಕಿಟಕಿ ನೋಡ್ತಿದ್ದೆ.”

“ಮತ್ತೆ ಯಾಕೆ ಕೇಳಲಿಲ್ಲ?”

“ಅದೊಂದು ಪ್ರಶ್ನೆ ಕೇಳ್ಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ ಮಗಾ,” ಎಂದರು ಮಾಸ್ಟ್ರು. ನಮಿತಾ ಅವರ ಕಪ್ಪಿಗೆ ಇನ್ನಷ್ಟು ಚಾ ಬಗ್ಗಿಸಿದರು.

ಈಗ ನನಗೆ ಕೆಲಸವಿಲ್ಲ, ಧೂಳು ಕುಡಿಯುತ್ತ ಯೋಚನೆ ಮಾಡುವುದೇ ಕೆಲಸ. ಊರವರ ಪ್ರಶ್ನೆಗಳನ್ನೆಲ್ಲ ಬರೆದುಕೊಟ್ಟೆ, ನನ್ನದೇ ಒಂದು ಪ್ರಶ್ನೆ ಬರೆಯಲು ನನಗೆ ಯಾರೂ ಹೇಳಲಿಲ್ಲ. ಗಂಗಾ ಆಮೇಲೆ ಫೋನ್ ಮಾಡಿದಳೋ ಏನೋ, ನನ್ನ ಕಿವಿಗಂತೂ ಬೀಳಲಿಲ್ಲ. ನೀವು ಗದಗದ ಕಡೆ ಹೋಗುವವರಾದರೆ ಒಂದು ಉಪಕಾರ ಮಾಡಿ. ಆವತ್ತು ಆ ಗಾಡಿ ಹತ್ತಿದವರು ಬದುಕಿದರಾ ಅಂತ ಕೇಳಿಕೊಂಡು ಬನ್ನಿ.